ಗೀಟಿನ ಆಚೆಯ ಸೊನ್ನೆ

ನನ್ನ ಹೆಂಡತಿ ಅವಿಭಾಜ್ಯ ಸಂಖ್ಯೆಯಲ್ಲ ಎಂಬುದು ಹೋದ ತಿಂಗಳು ಒಂದು ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ, ಪಾಸೊ ಮೋಲಿನೊ ಬಡಾವಣೆಯ ಔಷಧಿ ಕೌಂಟರಿನ ಮುಂದೆ, ಹದಿನಾಲ್ಕು ಜನರ ಸಮಕ್ಷಮದಲ್ಲಿ ಸಾಬೀತಾಯಿತು. ನಮ್ಮ ಮದುವೆಯಾಗಿ ಆಗ ನಲವತ್ತೊಂದು ವರ್ಷ. ನಲವತ್ತೊಂದೂ ಅವಿಭಾಜ್ಯ ಸಂಖ್ಯೆಯೇ. ಆದರೆ ಆ ಹೊತ್ತಿನಲ್ಲಿ ಅದನ್ನು ಯಾರಿಗೆ ಹೇಳುವುದು?

ನಾನು ವಾಲ್ದೆಮಾರ್ ಬೆಂತಾಂಕೋರ್. ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು. (ಮಕ್ಕಳು ನನಗಿಟ್ಟ ಹೆಸರು 'ಶೇಷ'. ಭಾಗಾಕಾರ ಮುಗಿದ ಮೇಲೂ ಹೋಗದೆ ಉಳಿಯುವುದು ಎಂದು.) ನಮ್ಮ ಮೊಂತೆವಿದೆಯೊ ನಗರದಲ್ಲಿ ಮನುಷ್ಯನಿಗೆ ಹೆಸರು ಇರುವುದು ತಾಯಿ ಕೂಗಲಿ ಎಂದು ಮಾತ್ರ. ಉಳಿದವರೆಲ್ಲ ಕೇಳುವುದು ಸೆದುಲಾ, ಅಂದರೆ ಗುರುತಿನ ಚೀಟಿಯ ಸಂಖ್ಯೆ. ಏಳು ಅಂಕಿ, ಆಮೇಲೆ ಒಂದು ಅಡ್ಡಗೀಟು, ಗೀಟಿನ ಆಚೆ ಇನ್ನೊಂದು ಅಂಕಿ. ಔಷಧಿಗೆ ಅದು, ಗ್ರಂಥಾಲಯಕ್ಕೆ ಅದು, ದಿನಸಿ ಅಂಗಡಿಯ ರಿಯಾಯಿತಿಗೂ ಅದೇ. ಹಾಲು ಕುಡಿಯುವ ಕೂಸಿಗೂ ಒಂದಿರುತ್ತದೆ.

ನಾವು ಆ ದಿನ ಔಷಧಿಗೆ ಹೋಗಿದ್ದು ತಮಾಷೆಗಲ್ಲ. ನನ್ನ ಹೆಂಡತಿ ನಿಬಿಯಾಳ ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚಿಕೊಳ್ಳುತ್ತಿರಲಿಲ್ಲ. ತೊಡೆಯ ರಕ್ತನಾಳದಿಂದ ತಂತಿ ತೂರಿಸಿ ಅದನ್ನು ಸರಿಪಡಿಸುವುದೆಂದು ಡಾಕ್ಟರು ಹನ್ನೆರಡು ದಿನ ಮುಂದಿನ ಮಂಗಳವಾರವನ್ನು ಗೊತ್ತು ಮಾಡಿದ್ದರು. ಆಸ್ಪತ್ರೆಯ ನಿಯಮದಂತೆ ರೋಗಿಯ ಮಂಚದ ಪಕ್ಕ ಒಂದೇ ಕುರ್ಚಿ. ಅದರಲ್ಲಿ ಕೂರುವವರ ಹೆಸರನ್ನು ಮೊದಲೇ ಅರ್ಜಿಯಲ್ಲಿ ಬರೆಯಬೇಕು. ನಿಬಿಯಾ ನನ್ನ ಹೆಸರು ಬರೆದಿದ್ದಳು, ಆದರೆ ಪೆನ್ಸಿಲ್ಲಿನಲ್ಲಿ. ಪೆನ್ಸಿಲ್ ಯಾಕೆ ಎಂದು ಕೇಳಿದ್ದಕ್ಕೆ, "ನಿನ್ನ ನಡತೆ ನೋಡ್ಕೊಂಡು ಪೆನ್ನು" ಎಂದಿದ್ದಳು. ನನಗೆ ಆ ಕುರ್ಚಿ ಬೇಕಿತ್ತು. ಈ ವಯಸ್ಸಿನಲ್ಲಿ ನಾನು ಅಷ್ಟು ಬಯಸಿದ್ದು ಇನ್ನೊಂದಿಲ್ಲ.

ಕೌಂಟರಿನ ಹುಡುಗಿ ಸೆದುಲಾ ಕೇಳಿದಳು. ನಿಬಿಯಾ ಬೆನ್ನು ನೆಟ್ಟಗೆ ಮಾಡಿಕೊಂಡಳು. ಅವಳು ತನ್ನ ಸಂಖ್ಯೆಯನ್ನು ಹೇಳುವ ರೀತಿಯೇ ಬೇರೆ, ರಾಷ್ಟ್ರಗೀತೆಗೆ ಎದ್ದು ನಿಂತವರ ಹಾಗೆ.

"ಒಂದು, ಸೊನ್ನೆ ನಲವತ್ತಾರು, ಐನೂರ ಇಪ್ಪತ್ತೇಳು, ಸೊನ್ನೆ. ನೋಡ್ಕೊಂಡು ಒತ್ತು ಮಗಳೇ, ಅವಿಭಾಜ್ಯ ಸಂಖ್ಯೆ ಅದು. ಯಾವುದರಿಂದಲೂ ಭಾಗ ಆಗಲ್ಲ. ನನ್ನ ಗಂಡ ಕಂಡುಹಿಡಿದಿದ್ದು."

ಹುಡುಗಿ ಪರದೆ ನೋಡಿದಳು. "ಅದ್ಹೇಗೆ ಅಜ್ಜಿ? ಕೊನೇಲಿ ಸೊನ್ನೆ ಇದೆ. ಹತ್ತರಿಂದ ಸಲೀಸಾಗಿ ಹೋಗತ್ತಲ್ಲ."

ನಮ್ಮ ಹಿಂದೆ ನಿಂತಿದ್ದ ದೆಲ್ಮಿರಾ ಮುಂದೆ ಬಾಗಿದಳು. "ಏನಂದೆ ಕಂದಾ? ಇನ್ನೊಂದ್ಸಲ ಹೇಳು. ಸ್ವಲ್ಪ ಜೋರಾಗಿ ಹೇಳು."

ದೆಲ್ಮಿರಾ ನಿಬಿಯಾಳ ಅಕ್ಕ. ನಮ್ಮ ಅಂಗಳದ ಹಿಂದಿನ ಎರಡು ಕೋಣೆಯಲ್ಲಿ ವಾಸ. ನಮ್ಮ ಮದುವೆಯ ಊಟದಲ್ಲಿ, ನನ್ನದೂ ಹೇಳಿ ಎಂದು ಅವಳೇ ಕೇಳಿದ್ದಕ್ಕೆ, ನಿಮ್ಮ ಸಂಖ್ಯೆ ಮೂರರಿಂದ ಭಾಗವಾಗುತ್ತದೆ ಎಂದು ನಿಜ ಹೇಳಿಬಿಟ್ಟಿದ್ದೆ. ಆಮೇಲೆ ಅವಳು ಮೂರು ಮದುವೆಯಾಗಿ ಮೂರನ್ನೂ ಬಿಟ್ಟಳು. ಮೂರರ ಪಾಪವೂ ನನ್ನ ತಲೆಯ ಮೇಲಿದೆ. ಹುಡುಗಿ ಹೇಳಿದ್ದನ್ನು ಅವಳು ನಾಲ್ಕು ಸಲ ಹೇಳಿಸಿ ಕೇಳಿದಳು, ಮತ್ತು ಬಸ್ಸಿನಲ್ಲಿ ಚಾಲಕನಿಗೂ ತಿಳಿಸಿದಳು.

ಓದುಗರು ಇದನ್ನು ಸಣ್ಣ ವಿಷಯ ಎಂದುಕೊಳ್ಳಬಾರದು. ನಿಬಿಯಾಳನ್ನು ನಾನು ಮೊದಲು ಕಂಡದ್ದು ಸೆದುಲಾ ನವೀಕರಿಸುವ ಕಚೇರಿಯ ಸಾಲಿನಲ್ಲಿ. ಗುಮಾಸ್ತ ಅವಳ ಸಂಖ್ಯೆ ಕೂಗಿದ. ನಾನು ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಮನೆಗೆ ಬಂದು ಭಾಗಿಸತೊಡಗಿದೆ. ಹತ್ತು ಲಕ್ಷ ನಲವತ್ತಾರು ಸಾವಿರದ ಐನೂರ ಇಪ್ಪತ್ತೇಳು ಅವಿಭಾಜ್ಯ ಹೌದೋ ಅಲ್ಲವೋ ತಿಳಿಯಬೇಕಾದರೆ ಸಾವಿರದ ಇಪ್ಪತ್ತೊಂದರವರೆಗಿನ ಪ್ರತಿಯೊಂದು ಅವಿಭಾಜ್ಯ ಸಂಖ್ಯೆಯಿಂದಲೂ ಭಾಗಿಸಿ ನೋಡಬೇಕು. ಅಂಥವು ನೂರ ಎಪ್ಪತ್ತೆರಡು ಇವೆ. ನೂರ ಎಪ್ಪತ್ತೆರಡು ಭಾಗಾಕಾರ, ಕೈಯಲ್ಲಿ, ಮೂರು ವಾರ. ಒಂದೂ ಶೇಷವಿಲ್ಲದೆ ಹೋಗಲಿಲ್ಲ. ನೋಟ್‌ಬುಕ್ ಕಂಕುಳಲ್ಲಿಟ್ಟುಕೊಂಡು ಅವಳು ಕೆಲಸ ಮಾಡುತ್ತಿದ್ದ ಬಟ್ಟೆ ಅಂಗಡಿಗೆ ಹೋಗಿ, "ನಿಮ್ಮನ್ನು ಒಂದು ಮತ್ತು ನೀವು, ಇವೆರಡನ್ನು ಬಿಟ್ಟು ಯಾರೂ ಭಾಗಿಸಲಾರರು" ಎಂದೆ. ಆಗ ಅವಳ ಹಿಂದೆ ಒಬ್ಬ ಬೇಕರಿ ಮಾಲೀಕ ಬಿದ್ದಿದ್ದ. ಅವನಿಗೆ ಮೋಟಾರ್ ಸೈಕಲ್ಲೂ ಇತ್ತು, ತಲೆ ತುಂಬ ಕೂದಲೂ ಇತ್ತು. ಅವಳು ನೋಟ್‌ಬುಕ್ಕಿನ ಪುಟ ಒಂದೊಂದಾಗಿ ತಿರುಗಿಸಿ ನೋಡಿ, "ಕಣ್ಣು ಚೆನ್ನಾಗಿದೆ ಅಂತ ಎಲ್ಲರೂ ಅಂತಾರೆ. ಈ ಮಾತು ಯಾರೂ ಅಂದಿರ್ಲಿಲ್ಲ" ಎಂದಳು. ಬೇಕರಿ ಅಲ್ಲಿಗೆ ಮುಚ್ಚಿತು.

ಅಂದಿನಿಂದ ಅವಳು ಎಲ್ಲಿ ಸೋತರೂ ಆ ಸಂಖ್ಯೆಯನ್ನು ನೆನೆಸಿಕೊಂಡು ಎದ್ದವಳು. ಬಟ್ಟೆ ಅಂಗಡಿ ಮುಚ್ಚಿದಾಗ, ಅವಳ ತಾಯಿ ಹೋದಾಗ, ನಮಗೆ ಮಕ್ಕಳಾಗುವುದಿಲ್ಲ ಎಂದು ತಿಳಿದಾಗ. ನಾನು ಹೆಚ್ಚು ಮಾತಿನವನಲ್ಲ. 'ಅವಿಭಾಜ್ಯ' ಎಂದು ಅವಳ ಭುಜ ತಟ್ಟುತ್ತಿದ್ದೆ, ಅಷ್ಟೇ.

ಮನೆಗೆ ಬಂದ ಮೇಲೆ ವಿಚಾರಣೆ ಶುರುವಾಯಿತು.

"ಸೊನ್ನೆ ಎಲ್ಲಿ ಹೋಯ್ತು?" ಎಂದಳು ನಿಬಿಯಾ, ನೋಟ್‌ಬುಕ್ ಮುಂದಿಟ್ಟುಕೊಂಡು.

"ನೋಡು, ಗೀಟಿನ ಆಚೆ ಇರೋದು ಲೆಕ್ಕಕ್ಕೆ ಬರಲ್ಲ. ಅದು ತಪಾಸಣೆ ಅಂಕಿ. ಮೊದಲ ಏಳನ್ನ ಗುಣಿಸಿ, ಕೂಡಿ, ಸರ್ಕಾರ ಅಂಟಿಸಿದ್ದು. ಯಾರಾದ್ರೂ ಒಂದಂಕಿ ತಪ್ಪು ಹೇಳಿದ್ರೆ ಯಂತ್ರಕ್ಕೆ ಗೊತ್ತಾಗ್ಲಿ ಅಂತ."

"ನಲವತ್ತೊಂದು ವರ್ಷದಲ್ಲಿ ನನ್ನನ್ನ ಯಾರಾದ್ರೂ ಏಳೇ ಅಂಕಿ ಕೇಳಿದಾರಾ?"

"ಇಲ್ಲ. ಆದ್ರೆ ಗಣಿತದ ದೃಷ್ಟಿಯಿಂದ..."

"ಹಾಗಾದ್ರೆ ಸೊನ್ನೆ ನಂದಲ್ಲ?"

"ಅಲ್ಲ."

"ಮತ್ಯಾರ್ದು?"

"ಮೇಷ್ಟ್ರದ್ದೇ ಇರ್ಬೇಕು," ಎಂದಳು ದೆಲ್ಮಿರಾ ಬಾಗಿಲಿನಿಂದ. "ಮುಖ ನೋಡು, ಗೊತ್ತಾಗತ್ತೆ."

ನಿಬಿಯಾ ನಗಲಿಲ್ಲ. "ಇದ್ದ ಹಾಗೆ ಇಟ್ಟು ನೋಡಿದ್ರೆ ನಾನು ಹತ್ತರಿಂದ, ಐದರಿಂದ, ಎರಡರಿಂದ, ದಾರೀಲಿ ಹೋಗೋರೆಲ್ಲರಿಂದ ಭಾಗ ಆಗೋಳು. ನನ್ನ ಬಾಲ ಕತ್ತರಿಸಿ ನನ್ನನ್ನ ಹೊಗಳಿದ್ದೀಯ. ಅಲ್ವಾ?"

ನನ್ನ ಬಳಿ ಉತ್ತರವಿತ್ತು. ಆದರೆ ಅದು ಹೇಳುವಂಥದ್ದಾಗಿರಲಿಲ್ಲ. ಹಾಗಾಗಿ ಮೂವತ್ತನಾಲ್ಕು ವರ್ಷದ ಅಭ್ಯಾಸದಂತೆ ತಪಾಸಣೆ ಅಂಕಿಯ ಇತಿಹಾಸವನ್ನು ಮೊದಲಿನಿಂದ ವಿವರಿಸತೊಡಗಿದೆ. ಮುಗಿಸಿ ತಲೆಯೆತ್ತಿದಾಗ ಕೋಣೆಯಲ್ಲಿ ನಾನೊಬ್ಬನೇ ಇದ್ದೆ.

ಮರುದಿನ ಬೆಳಿಗ್ಗೆ ಮೇಜಿನ ಮೇಲೆ ಎರಡು ಸೋರೆಬುರುಡೆ, ಎರಡು ಥರ್ಮಾಸು. ಮಾಟೆ ಎಂಬ ನಮ್ಮ ಕಹಿ ಕಷಾಯವನ್ನು ಒಂದೇ ಬುರುಡೆಯಲ್ಲಿ, ಒಂದೇ ಕೊಳವೆಯಲ್ಲಿ, ಬಿಸಿನೀರು ಹಾಕಿ ಹಾಕಿ, ಕೈಯಿಂದ ಕೈಗೆ ದಾಟಿಸುತ್ತಾ ಕುಡಿಯಬೇಕು. ಒಂದೇ ಮನೆಯಲ್ಲಿ ಗಂಡ ಹೆಂಡತಿ ಬೇರೆ ಬೇರೆ ಬುರುಡೆ ಹಿಡಿದು ಕೂತರೆ ಅದಕ್ಕೆ ಒಂದೇ ಅರ್ಥ. ವಕೀಲರ ನೋಟಿಸು ಬಂದಿದ್ದರೂ ನನ್ನ ಎದೆ ಅಷ್ಟು ಕುಸಿಯುತ್ತಿರಲಿಲ್ಲ.

ಆಗ ನನಗೊಂದು ಉಪಾಯ ಹೊಳೆಯಿತು. (ಸಂಸಾರಸ್ಥರೇ, ಉಪಾಯ ಹೊಳೆದಾಗ ಎದ್ದು ಒಂದು ಲೋಟ ನೀರು ಕುಡಿದು ಮಲಗಿಬಿಡಿ.) ಅವಿಭಾಜ್ಯ ಎಂಬುದೊಂದೇ ಗೌರವದ ಜಾತಿಯೇನು? ಸಂಖ್ಯಾಲೋಕದಲ್ಲಿ ಎಷ್ಟೊಂದು ಪದವಿಗಳಿವೆ! ಸೊನ್ನೆಯನ್ನೂ ಸೇರಿಸಿಕೊಂಡು, ಎಂಟೂ ಅಂಕಿಯ ಪೂರ್ಣ ನಿಬಿಯಾಳನ್ನು ಪರೀಕ್ಷಿಸಿ, ಅವಳಿಗೆ ಸಲ್ಲುವ ಬಿರುದನ್ನು ಹುಡುಕಿ ಅರ್ಪಿಸುತ್ತೇನೆ ಎಂದುಕೊಂಡೆ. ಅಡುಗೆಮನೆಯ ಮೇಜಿನ ಮೇಲೆ ನಾಲ್ಕು ದಿನ ಕೂತೆ.

ಮೊದಲು 'ಪರಿಪೂರ್ಣ'. ಒಂದು ಸಂಖ್ಯೆಯನ್ನು ಭಾಗಿಸುವ, ಅದಕ್ಕಿಂತ ಚಿಕ್ಕ ಸಂಖ್ಯೆಗಳನ್ನೆಲ್ಲ ಕೂಡಿದಾಗ ಅದೇ ಬಂದರೆ ಅದು ಪರಿಪೂರ್ಣ. ಆರು ಹಾಗಿದೆ, ಇಪ್ಪತ್ತೆಂಟು ಹಾಗಿದೆ. ನಿಬಿಯಾಳನ್ನು ಕೂಡಿದೆ. ಒಂದು ಕೋಟಿ ನಾಲ್ಕು ಲಕ್ಷ ಅರವತ್ತೈದು ಸಾವಿರದ ಇನ್ನೂರ ಎಪ್ಪತ್ತು ಬರಬೇಕಾದಲ್ಲಿ ಎಂಬತ್ತಮೂರು ಲಕ್ಷ ಚಿಲ್ಲರೆ ಬಂತು. ಹೆಚ್ಚು ಬಂದಿದ್ದರೆ 'ಸಮೃದ್ಧ' ಎನ್ನಬಹುದಿತ್ತು. ಕಡಿಮೆ ಬಂದರೆ ಗಣಿತಶಾಸ್ತ್ರ ಅದನ್ನು ಕರೆಯುವುದು 'ನ್ಯೂನ' ಎಂದು.

ಹೋಗಲಿ, 'ಸುಖಿ' ನೋಡೋಣ. ಅಂಕಿಗಳ ವರ್ಗಗಳನ್ನು ಕೂಡಬೇಕು, ಬಂದ ಮೊತ್ತಕ್ಕೂ ಹಾಗೆಯೇ ಮಾಡಬೇಕು. ಮಾಡುತ್ತಾ ಹೋಗಿ ಕೊನೆಗೆ ಒಂದಕ್ಕೆ ಬಂದು ನಿಂತರೆ ಅದು ಸುಖಿ ಸಂಖ್ಯೆ. ನೂರ ಮೂವತ್ತೊಂದು, ಹನ್ನೊಂದು, ಎರಡು, ನಾಲ್ಕು, ಹದಿನಾರು... ಗಾಣದ ಎತ್ತಿನಂತೆ ಸುತ್ತುತ್ತಲೇ ಇತ್ತು, ಒಂದಕ್ಕೆ ಬರಲೇ ಇಲ್ಲ. 'ದುಃಖಿ'.

ಕೊನೆಗೆ, ಬರೀ ಒಂದು ಮತ್ತು ಸೊನ್ನೆಗಳಲ್ಲಿ ಬರೆದು ಒಂದುಗಳನ್ನು ಎಣಿಸುವ ಪದ್ಧತಿ. ಎಣಿಕೆ ಸಮ ಬಂದರೆ ಆ ಸಂಖ್ಯೆಗೆ 'ದುಷ್ಟ' ಎಂದು ಹೆಸರು, ಬೆಸ ಬಂದರೆ 'ಅಸಹ್ಯ'. (ಹೆಸರಿಟ್ಟವರು ಬ್ರಹ್ಮಚಾರಿಗಳಿರಬೇಕು.) ಎಣಿಸಿದೆ, ಹದಿನೆಂಟು. ಗಾಬರಿಯಾಗಿ ಸೊನ್ನೆ ಬಿಟ್ಟು ಎಣಿಸಿದೆ, ಹತ್ತೊಂಬತ್ತು. ಬಾಲವಿದ್ದರೆ ದುಷ್ಟ, ಬಾಲವಿಲ್ಲದಿದ್ದರೆ ಅಸಹ್ಯ. ಮೇಷ್ಟ್ರಾಗಿದ್ದವನ ಕೈ ಸುಮ್ಮನಿರುತ್ತದೆಯೇ? ಫಲಿತಾಂಶವನ್ನು ದುಂಡಗೆ ಬರೆದು, ಮೇಲೆ 'ನಿಬಿಯಾ' ಎಂದು ಶೀರ್ಷಿಕೆ ಕೊಟ್ಟು, ಕೆಳಗೆ ಎರಡು ಗೆರೆ ಎಳೆದೆ. ಅಷ್ಟರಲ್ಲಿ ಗ್ಯಾಸ್ ಸಿಲಿಂಡರಿನವನು ಬಾಗಿಲು ತಟ್ಟಿದ. ನಾನು ಎದ್ದು ಹೋದೆ.

ಸಿಲಿಂಡರ್ ಉರುಳಿಸಿಕೊಂಡು ಬರುವಾಗ ದೆಲ್ಮಿರಾಳ ಕಂಠ ಕೇಳಿಸಿತು. ಬಾಣಲೆ ಕೇಳಲು ಬಂದವಳು ನನ್ನ ಹಾಳೆ ಹಿಡಿದುಕೊಂಡು, ಹೊಲಿಗೆ ಯಂತ್ರದ ಮುಂದೆ ಕೂತಿದ್ದ ತಂಗಿಗೆ ಓದಿ ಹೇಳುತ್ತಿದ್ದಳು.

"ನಿಬಿಯಾ. ಒಂದು, ನ್ಯೂನ. ಎರಡು, ದುಃಖಿ. ಮೂರು, ದುಷ್ಟ. ಬಾಲ ಇಲ್ಲದಿದ್ರೆ, ಅಸಹ್ಯ." ಅವಳು ಹಾಳೆಯ ಹಿಂಭಾಗ ತಿರುಗಿಸಿ ನೋಡಿದಳು. "ಇಷ್ಟೇನಾ ಮೇಷ್ಟ್ರೇ? ಇನ್ನೂ ಜಾಗ ಇದೆ."

"ನಿಬಿಯಾ, ಅದು ಬೈಗುಳ ಅಲ್ಲ! ಗಣಿತದ ಪಾರಿಭಾಷಿಕ ಪದ!"

"ದುಃಖಿ ಅನ್ನೋದು ಸರಿಯಾಗಿದೆ ಬಿಡು," ಎಂದಳು ನಿಬಿಯಾ.

ಅವಳು ಕೂಗಾಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವಳು ಡ್ರಾಯರಿನಿಂದ ಆಸ್ಪತ್ರೆಯ ಅರ್ಜಿ ತೆಗೆದಳು, ರಬ್ಬರು ತೆಗೆದಳು, ನನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಅಳಿಸಿ, ಪುಡಿಯನ್ನು ಊದಿ, ಅಲ್ಲಿ 'ದೆಲ್ಮಿರಾ' ಎಂದು ಬರೆದಳು. ಪೆನ್ನಿನಲ್ಲಿ. ಆಮೇಲೆ ಹೊಲಿಗೆ ಮುಂದುವರಿಸಿದಳು. ಸಿಲಿಂಡರ್ ಇನ್ನೂ ನನ್ನ ಕೈಯಲ್ಲೇ ಇತ್ತು.

ಮುಂದಿನ ದಿನಗಳನ್ನು ನಾನು ವರ್ಣಿಸಲಾರೆ. ಎರಡು ಬುರುಡೆ, ಎರಡು ಥರ್ಮಾಸು, ಮಧ್ಯೆ ಒಂದು ಮೇಜು. ಮಂಗಳವಾರ ಬೆಳಿಗ್ಗೆ ಮೂವರೂ ಆಸ್ಪತ್ರೆಗೆ ಹೋದೆವು. ನನ್ನ ಸ್ಥಾನ ಕೂಲಿಯವನದು. ನಿಬಿಯಾಳ ಕೈಚೀಲ, ಚಪ್ಪಲಿ, ಕಂಬಳಿ ಹೊತ್ತುಕೊಂಡು ಹಿಂದೆ ನಡೆದೆ. ಅವಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಹಸಿರು ಗೌನು ತೊಡಿಸಿ, ಕಾರಿಡಾರಿನಲ್ಲಿ ನಿಲ್ಲಿಸಿದರು. ಆ ಗೌನಿನೊಳಗೆ ಅವಳು ಎಷ್ಟು ಚಿಕ್ಕವಳಾಗಿ ಕಂಡಳೆಂದರೆ ನನಗೆ ಭಯವಾಯಿತು. ದೆಲ್ಮಿರಾ ಅರ್ಜಿ ಹಿಡಿದು ಗುಮಾಸ್ತೆಯ ಮೇಜಿನ ಮುಂದೆ ಸಾಲಿನಲ್ಲಿ ನಿಂತಿದ್ದಳು. ಈಗ ಹೇಳದಿದ್ದರೆ ಇನ್ನೆಂದೂ ಹೇಳುವುದಿಲ್ಲ ಎನಿಸಿತು.

"ನಿಬಿಯಾ, ಅವತ್ತು ನಾನು ಸೊನ್ನೆ ಕೇಳಿಸ್ಕೊಂಡಿದ್ದೆ."

"ಯಾವತ್ತು?"

"ಮೊದಲನೇ ದಿನ, ಸಾಲಿನಲ್ಲಿ. ಗುಮಾಸ್ತ ಕೂಗಿದ್ದು ಎಂಟೂ ಅಂಕಿ. ಸೊನ್ನೆ ಅಂತ ಕಿವಿಗೆ ಬಿದ್ದ ತಕ್ಷಣ ಲೆಕ್ಕ ಮುಗಿದೋಯ್ತು. ಹತ್ತರಿಂದ ಹೋಗತ್ತೆ, ಅಷ್ಟೇ. ಇನ್ನು ಮಾಡೋಕೆ ಏನೂ ಇರ್ಲಿಲ್ಲ. ನನಗೆ ಬಿಟ್ಟುಬಿಡೋಕೆ ಮನಸ್ಸು ಬರ್ಲಿಲ್ಲ. ಸೊನ್ನೆ ತೆಗೆದ್ರೆ ನಿನ್ನ ಜೊತೆ ಇನ್ನೂ ಸ್ವಲ್ಪ ದಿನ ಇರಬಹುದಿತ್ತು. ತೆಗೆದೆ. ಮೂರು ವಾರ ಸಿಕ್ತು."

ಅವಳು ನನ್ನನ್ನೇ ನೋಡಿದಳು. "ಅಂದ್ರೆ ಗೊತ್ತಿದ್ದೇ ಮಾಡಿದ್ದು."

"ಗೊತ್ತಿದ್ದೇ."

"ಈ ಮಾತು ನಲವತ್ತೊಂದು ವರ್ಷ ಹೊಟ್ಟೇಲಿ ಇಟ್ಕೊಂಡಿದ್ಯಲ್ಲ, ಹೇಳೋಕೆ ಏನು ರೋಗ?"

"ಗಣಿತದಲ್ಲಿ ಅದು ಮೋಸ ಕಣೇ."

"ಗಣಿತದಲ್ಲಿ!" ಎಂದು ಅವಳು ಕಣ್ಣು ಮುಚ್ಚಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಆಮೇಲೆ ಕಾರಿಡಾರೆಲ್ಲ ಕೇಳುವಂತೆ ಕೂಗಿದಳು. "ಅಕ್ಕಾ! ಆ ಅರ್ಜಿ ತಾ ಇಲ್ಲಿ. ಪೆನ್ನೂ ತಾ."

"ಪೆನ್ನಲ್ಲಿ ಬರೆದಿದ್ದು ಅಳ್ಸೋಕಾಗಲ್ಲ," ಎಂದಳು ದೆಲ್ಮಿರಾ.

"ಹೊಡೆದು ಹಾಕ್ಬಹುದು."

ಹೊಡೆದು ಹಾಕಿ ನನ್ನ ಹೆಸರು ಬರೆದಳು. ದೆಲ್ಮಿರಾ ನನ್ನನ್ನು ಮೇಲಿನಿಂದ ಕೆಳಗೆ ಅಳೆದು, "ಆಗ್ಲಿ ಬಿಡು. ರಕ್ತ ಕಂಡ್ರೆ ನನಗೆ ತಲೆ ಸುತ್ತತ್ತೆ" ಎಂದಳು. ನಿಬಿಯಾಳನ್ನು ಒಳಗೆ ಕರೆದೊಯ್ದರು, ಅವಳ ಕೈಚೀ‌ಲವನ್ನೂ ಜೊತೆಗೆ ಒಯ್ದರು. ಗುಮಾಸ್ತೆ ಅರ್ಜಿಗೆ ಮುದ್ರೆ ಒತ್ತುತ್ತಾ, "ಎಲ್ಲ ಮುಗಿದ ಮೇಲೆ ಒಳಗಿನ ಬಾಗಿಲಿಗೆ ಕರೀತಾರೆ. ಅಲ್ಲಿ ನಿಮ್ಮ ಸೆದುಲಾ ಹೇಳಿದ್ರೆ ಒಳಗೆ ಬಿಡ್ತಾರೆ" ಎಂದಳು.

ನನ್ನ ಸೆದುಲಾ.

ನನ್ನ ಚೀಟಿ ಮದುವೆಯಾದಂದಿನಿಂದ ನಿಬಿಯಾಳ ಕೈಚೀಲದಲ್ಲಿದೆ. ಪ್ರತಿ ಕೌಂಟರಿನಲ್ಲೂ ಅವಳೇ ಮುಂದೆ ನಿಂತು, "ನಂದು ಇಂತಿಷ್ಟು, ಇವನದು ಇಂತಿಷ್ಟು" ಎಂದು ಒಂದೇ ಉಸಿರಿಗೆ ಹೇಳುತ್ತಾಳೆ. ಅವಳದನ್ನು ಕೇಳಿ ಹೆಮ್ಮೆಪಡುವುದರಲ್ಲಿ ನಾನು ನನ್ನದಕ್ಕೆ ಕಿವಿಗೊಟ್ಟವನೇ ಅಲ್ಲ. ಅವಳ ಸಂಖ್ಯೆಯ ಭಾಜಕಗಳನ್ನೆಲ್ಲ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ನನ್ನ ಸಂಖ್ಯೆ ಮಾತ್ರ ನನಗೆ ಗೊತ್ತಿರಲಿಲ್ಲ.

ಎರಡು ಗಂಟೆ ನಲವತ್ತು ನಿಮಿಷ ಕಾದೆವು. ಅಷ್ಟೂ ಹೊತ್ತು ನಾನು ಹೆದರಿದ್ದೆ. ತಂತಿ ಎಲ್ಲಿ ಮುಟ್ಟಿತೋ, ಕವಾಟ ಮುಚ್ಚಿತೋ ಇಲ್ಲವೋ ಎಂದು ಒಂದು ಕಡೆ, ಅವಳು ಪ್ರತಿ ಸಲ ಹೇಳುತ್ತಿದ್ದ ಅಂಕಿಗಳನ್ನು ನೆನಪಿನಿಂದ ಹೆಕ್ಕುವುದು ಇನ್ನೊಂದು ಕಡೆ. ದೆಲ್ಮಿರಾ ತನ್ನ ಬುರುಡೆಗೆ ನೀರು ಹಾಕಿ ನನ್ನ ಕೈಗೆ ಕೊಟ್ಟಳು. ಹಾಗೆ ಕೊಟ್ಟದ್ದು ಜೀವನದಲ್ಲಿ ಅದೇ ಮೊದಲು. ಮೂರನೇ ಸುತ್ತಿಗೆ ನನಗೆ ಏಳು ಅಂಕಿಗಳು ಬಂದವು. ಒಂದು, ನೂರ ಎಂಬತ್ತಮೂರು, ನಾನೂರ ಅರವತ್ತೆರಡು. ಬಾಯಿಪಾಠ ಮಾಡುತ್ತಾ ಕೂತೆ.

ಬಾಗಿಲು ಒಂದು ಗೇಣು ತೆರೆದು ನರ್ಸ್ ಇಣುಕಿದಳು. "ನಿಬಿಯಾ ಅವರ ಕಡೆಯವರು? ಎಲ್ಲ ಚೆನ್ನಾಗಾಯ್ತು. ಎಚ್ಚರ ಇದಾರೆ. ಸೆದುಲಾ ಹೇಳಿ."

ನಾನು ಬೆನ್ನು ನೆಟ್ಟಗೆ ಮಾಡಿಕೊಂಡೆ. "ಒಂದು, ನೂರ ಎಂಬತ್ತಮೂರು, ನಾನೂರ ಅರವತ್ತೆರಡು, ಸೊನ್ನೆ!"

ಅವಳು ಒತ್ತಿದಳು. ಯಂತ್ರ ಕೊಂಯ್ ಎಂದಿತು. "ಇಂಥ ಮನುಷ್ಯ ಇಲ್ಲ ಅಂತಿದೆ."

"ಅದನ್ನೇ ನಾನು ನಲವತ್ತೊಂದು ವರ್ಷದಿಂದ ಹೇಳ್ತಿರೋದು," ಎಂದಳು ದೆಲ್ಮಿರಾ.

"ಏಳು?" ಎಂದೆ. ಮತ್ತೆ ಕೊಂಯ್.

"ಇನ್ನೊಂದ್ಸಲ ತಪ್ಪಾದ್ರೆ ಇದು ಲಾಕ್ ಆಗತ್ತೆ ಸಾರ್. ಕಚೇರಿಗೆ ಹೋಗಿ ಕಾಗದ ತರಬೇಕಾಗತ್ತೆ. ಯೋಚನೆ ಮಾಡಿ ಹೇಳಿ."

ಆ ಅಂಕಿಯನ್ನು ನೆನಪಿಸಿಕೊಳ್ಳುವ ಅಗತ್ಯವೇ ನನಗಿರಲಿಲ್ಲ. ಮೊದಲ ಏಳನ್ನು ಗುಣಿಸಿ ಕೂಡಿದರೆ ಅದು ತಾನಾಗಿ ಬರುತ್ತದೆ. ಇಡೀ ಪಾಸೊ ಮೋಲಿನೊದಲ್ಲಿ ಆ ವಿಧಾನ ಗೊತ್ತಿದ್ದವನು ನಾನೊಬ್ಬನೇ. ಆದರೆ ಆ ಕ್ಷಣ ನನಗೆ ಎರಡೊಂದ್ಲ ಎರಡು ಎಂಬುದೂ ನೆನಪಿಗೆ ಬರಲಿಲ್ಲ. ಮೂವತ್ತನಾಲ್ಕು ವರ್ಷ ಮಕ್ಕಳನ್ನು ಬೋರ್ಡಿನ ಮುಂದೆ ನಿಲ್ಲಿಸಿ ಬೆವರಿಳಿಸಿದವನು, ಬೆವರುತ್ತಾ ಆ ಗೇಣಗಲದ ಸಂದಿಯ ಮುಂದೆ ನಿಂತಿದ್ದೆ.

ಆಗ ಒಳಗೆ, ಪರದೆಯ ಹಿಂದಿನಿಂದ, ನೀರು ಕೇಳುವವರಷ್ಟು ಕ್ಷೀಣವಾದ ಒಂದು ದನಿ ಬಂತು.

"ನಾಲ್ಕು."

ನರ್ಸ್ ತಿರುಗಿ ನೋಡಿದಳು. ದನಿ ಉಸಿರೆಳೆದುಕೊಂಡು, ಈ ಸಲ ಸಾಕಷ್ಟು ಜೋರಾಗಿಯೇ ಬಂತು.

"ನಾಲ್ಕು ಕಣೋ ಮುದುಕಾ! ಸೊನ್ನೆ ನಂದು!"

ನರ್ಸ್ ನಾಲ್ಕನ್ನು ಒತ್ತಿದಳು. ಬಾಗಿಲು ತೆರೆಯಿತು.